ಎಲೆಯಿಲ್ಲದ ತಿಂಗಳುಗಳ ಶುಂಠಿ ಪಾತಿ

ತುಮಕೂರಿನ ನಮ್ಮ ಕಾಲೇಜಿನ ಆಡಳಿತ ಮಂಡಳಿ ಬದುಕಿರುವ ಗಿಡಗಳ ಪಾತಿಯೊಂದರ ಮೇಲೆ ಸಿಮೆಂಟು ಬಿಲ್ಲೆ ಹಾಸಿದೆ. ತಿಳಿದಿರಲಿಲ್ಲವೆಂಬ ಸಮಜಾಯಿಷಿಯನ್ನು ನಾನು ಒಪ್ಪುವುದಿಲ್ಲ. ಸಸ್ಯಶಾಸ್ತ್ರ ವಿಭಾಗ ಪಾತಿಯ ಪಕ್ಕದ ಗೋಡೆಯ ಆಚೆಗೇ ಇದೆ, ಕೇಳಬಹುದಿತ್ತು.

ಆ ಪಾತಿಯಲ್ಲಿದ್ದುದು ಶುಂಠಿಯ ಕುಟುಂಬ. ಶುಂಠಿ, ಅರಿಶಿನ, ಏಲಕ್ಕಿ ಒಂದೇ ಮನೆತನದವೆಂದು ಇಲ್ಲೇ ನಮ್ಮ ಎಂ.ಎಸ್ಸಿ. ತರಗತಿಯಲ್ಲಿ ಕೇಳಿದ್ದೆ, ನಂಬಿದ್ದು ಹೂವನ್ನು ಬಿಡಿಸಿ ನೋಡಿದ ಮೇಲೆ. ದೊಡ್ಡ ದಳದಂತೆ ಕಾಣುವ ತುಟಿ ದಳವೇ ಅಲ್ಲ, ರೂಪ ಬದಲಿಸಿ ಬೆಸೆದುಕೊಂಡ ಕೇಸರಗಳು. ಪರಾಗ ಕೊಡುವ ಕೇಸರ ಒಂದೇ. ಅದರ ಎರಡು ಪರಾಗಚೀಲಗಳ ಸಂದಿಯಲ್ಲಿ ಹೂವಿನ ಹೆಣ್ಣುಭಾಗದ ಶಲಾಕೆ ನೂಲಿನಂತೆ ತೂರಿ ಮೇಲೇಳುತ್ತದೆ. ಕುಣಿಗಲ್ಲಿನ ಗೆಳತಿಯ ಬಚ್ಚಲ ನೀರಿಗೆ ಬೆಳೆದಿದ್ದ, ನೋಡಲು ಶುಂಠಿಯಂತಿರುವ ಚಂಗಲಕೋಷ್ಟದ ಗಿಡವನ್ನು ನಾನು ಹೆಮ್ಮೆಯಿಂದ ತಂದಾಗ ನಮ್ಮ ಅಧ್ಯಾಪಕಿ ಅದನ್ನು ಪಾತಿಯ ಹೊರಗೆ ನೆಡಿಸಿದರು. "ಎಲೆ ಹಿಸುಕಿ ಮೂಸಮ್ಮ," ಎಂದರು. ಶುಂಠಿಯ ಘಮವೇ ಇರಲಿಲ್ಲ. ಎಲೆಗಳು ಎರಡು ಸಾಲಾಗಿ ನಿಲ್ಲದೆ ಕಾಂಡವನ್ನು ಸುರುಳಿ ಸುತ್ತಿದ್ದವು. ಹಿಂದೆ ಅದನ್ನೂ ಶುಂಠಿಯ ಜೊತೆಗೇ ಎಣಿಸುತ್ತಿದ್ದರಂತೆ. ಈಗ ಅದಕ್ಕೆ ಪ್ರತ್ಯೇಕ ಕುಟುಂಬ.

ಗುಬ್ಬಿಯ ನನ್ನ ಸೋದರತ್ತೆಯ ಹಿತ್ತಿಲಲ್ಲಿ ಒಂದು ಬಗೆಯ ಅರಿಶಿನವಿತ್ತು. ಗೆಡ್ಡೆ ಮುರಿದರೆ ಒಳಗೆ ತಿಳಿನೀಲಿ, ಕರ್ಪೂರದ ವಾಸನೆ. ಯಾವ ಪ್ರಭೇದವೆಂದು ನಮಗಾರಿಗೂ ತಿಳಿಯಲಿಲ್ಲ. ಕೋಣೆ ಕಟ್ಟಿಸಲು ಹಿತ್ತಿಲು ಅಗೆಸಿದಾಗ ಅತ್ತೆ ಇದ್ದಬದ್ದ ಬುಡವನ್ನೆಲ್ಲ ಕಾಲೇಜಿನ ಪಾತಿಯಲ್ಲಿ ನೆಡಲು ನನಗೇ ಕೊಟ್ಟರು.

"ಹೂ ಬರೋವರ್ಗೂ ಹೆಸರು ಹೇಳಕ್ಕಾಗಲ್ಲ ಅತ್ತೆ."

"ಅಷ್ಟೊಂದು ಓದಿ ಒಂದು ಅರಿಶಿನ ಗುರ್ತು ಹಿಡಿಯಕ್ ಬರಲ್ವೇನೇ? ಹೆರಿಗೆಗೆ ಮುಂಚೆ ನಾಮಕರಣ ಬ್ಯಾಡ ಅಂದಂಗಾಯ್ತು, ಬುಡು!"

ಇವುಗಳಲ್ಲಿ ಬಹಳಷ್ಟು ಚಳಿಗಾಲಕ್ಕೆ ಎಲೆ ಒಣಗಿಸಿಕೊಂಡು ನೆಲದೊಳಗೆ ಮಲಗುತ್ತವೆ. ಕೆಲವು ಮೊದಲ ಮಳೆ ಬಿದ್ದೊಡನೆ, ಎಲೆಗೂ ಮುನ್ನ, ಬರಿಮಣ್ಣಿನಿಂದ ಹೂವನ್ನೇ ಎತ್ತುತ್ತವೆ. ಅತ್ತೆಯ ಗಿಡ ಅಂಥದ್ದೇ ಇರಬಹುದೆಂದು ಕಾಯುತ್ತಿದ್ದೆ. ಬೇಸಿಗೆ ರಜೆ ಮುಗಿಸಿ ಬಂದಾಗ ಪಾತಿಯ ಮೇಲೆ ಸ್ಕೂಟರುಗಳು ನಿಂತಿದ್ದವು.

"ಖಾಲಿ ಜಾಗ ಇತ್ತಲ್ಲ ಮೇಡಮ್ಮೋರೆ, ಒಂದೆಲೆನೂ ಇರ್ಲಿಲ್ಲ," ಎಂದರು ಕೆಲಸದ ಉಸ್ತುವಾರಿಯವರು.

"ಅಗೆದ್ರಾ?"

"ಎಲ್ಲಿ ಅಗೆಯೋದು? ಜಲ್ಲಿಪುಡಿ ಸುರ್ದು ಮಟ್ಟ ಮಾಡಿದ್ವಿ, ಅಷ್ಟೆ."

ಅಂದರೆ ಗೆಡ್ಡೆಗಳು ಇನ್ನೂ ಅಲ್ಲೇ ಇವೆ.

ಆಡಳಿತ ಮಂಡಳಿಯಲ್ಲಿ ನನ್ನ ವಿನಂತಿ ಇಷ್ಟು: ಆ ಪಾತಿಯನ್ನು ಖಾಲಿಯೆಂದು ತೀರ್ಮಾನಿಸಿದವರು ಯಾರು, ವಿಭಾಗವನ್ನು ಕೇಳಲಿಲ್ಲವೇಕೆ ಎಂಬುದಕ್ಕೆ ಲಿಖಿತ ಉತ್ತರ ಕೊಡಬೇಕು. ಉತ್ತರ ತಡವಾದರೂ ಮೊಳಕೆ ಕಾಯುವುದಿಲ್ಲ. ಆದ್ದರಿಂದ ಮುಂಗಾರು ಹಿಡಿಯುವ ಮೊದಲೇ, ನಮ್ಮ ಸಮ್ಮುಖದಲ್ಲಿ, ಬಿಲ್ಲೆಗಳನ್ನು ತೆಗೆಸಬೇಕು.