ಪತ್ರದಲ್ಲಿ ಕೆಂಪು ಟ್ರ್ಯಾಕ್ಟರ್, ಅಂಗಳದಲ್ಲಿ ನೀಲಿ

ಅಲಖನೂರಿನ ನಮ್ಮ ಸೋದರಮಾವನಿಗೆ ಮಕ್ಕಳಿರಲಿಲ್ಲ. ನನಗೆ ಟ್ರ್ಯಾಕ್ಟರ್ ಹೊಡೆಯಲು ಕಲಿಸಿದವನು ಅವನೇ. ಸೆರಗು ಸೊಂಟಕ್ಕೆ ಸಿಕ್ಕಿಸಿ ನಾನು ಕಬ್ಬಿನ ಟ್ರಾಲಿ ಎಳೆದುಕೊಂಡು ಹೊರಟರೆ ಬೈಕಿನವರು ತಿರುಗಿ ತಿರುಗಿ ನೋಡುತ್ತಿದ್ದರು. ಮೃತ್ಯುಪತ್ರ ಬರೆಸುವಾಗ ಮಾವ ತನ್ನ ಕೆಂಪು ಟ್ರ್ಯಾಕ್ಟರನ್ನು ನಂಬರ್ ಸಮೇತ ನನಗೆ ಬರೆಸಿದ. ಉಳಿದದ್ದೆಲ್ಲ ಅತ್ತೆಗೆ.

ಎರಡು ವರ್ಷದ ಮೇಲೆ ಮಾವ ಆ ಕೆಂಪು ಗಾಡಿಯನ್ನು ಅಥಣಿಯಲ್ಲಿ ಎಕ್ಸ್‌ಚೇಂಜಿಗೆ ಕೊಟ್ಟು ದೊಡ್ಡದೊಂದು ನೀಲಿ ಗಾಡಿ ತಂದ. "ಇದೂ ನಿಂದ" ಅಂದ. ಪತ್ರ ಮಾತ್ರ ತಿದ್ದಿಸಲಿಲ್ಲ. ಮರುವರ್ಷ ತೀರಿಕೊಂಡ.

"ಕೆಂಪುದು ನಿಂದು, ಖರೆ. ನೀಲಿದು ನಿಂದು ಅಂತ ಎಲ್ಲಿ ಬರದೈತಿ?" ಅಂದಳು ಅತ್ತೆ. ನನಗೆ ಸಿಟ್ಟು ಬಂತು. ರಾಯಬಾಗದ ಕೋರ್ಟಿನಲ್ಲಿ ದಾವೆ ಹಾಕಿದೆ.

ತಾರೀಖಿನ ದಿನ ಇಬ್ಬರೂ ಹೋಗುವುದು ಒಂದೇ ಬಸ್ಸಿಗೆ. ಅವಳು ನನಗೆ ಸೀಟು ಹಿಡಿಯುತ್ತಿದ್ದಳು. ಮಧ್ಯಾಹ್ನ ಕೋರ್ಟಿನ ಬೇವಿನ ಮರದಡಿ ಡಬ್ಬಿ ಬಿಚ್ಚಿ, "ಉಣ್ಣು. ಸಿಟ್ಟು ಹೊಟ್ಟಿಮ್ಯಾಲ ಯಾಕ?" ಎಂದು ರೊಟ್ಟಿ ಮುಂದೆ ಮಾಡುತ್ತಿದ್ದಳು.

ಕೊನೆಗೆ ನ್ಯಾಯಾಧೀಶರು ಹೇಳಿದರು: "ಬರೀ 'ನನ್ನ ಟ್ರ್ಯಾಕ್ಟರ್' ಎಂದಿದ್ದರೆ ಮಾತು ಬೇರೆ ಇರುತ್ತಿತ್ತೇನೋ. ನಂಬರ್ ಹಾಕಿ ಒಂದೇ ಗಾಡಿಯನ್ನು ಗುರುತಿಸಿದ್ದಾರೆ. ಸಾಯುವ ಹೊತ್ತಿಗೆ ಅದು ಅವರದಾಗಿರಲಿಲ್ಲ. ಗಾಡಿ ಹೋದಾಗಲೇ ಆ ಕೊಡುಗೆಯೂ ಹೋಯಿತು. ಹೊಸದು ಉಳಿದ ಆಸ್ತಿಗೆ ಸೇರುತ್ತದೆ."

ಹೊಸ ಗಾಡಿಯೂ ಇವರದೇ ಎಂದು ಮಾವ ಬಾಯಿಂದ ಹೇಳಿದ್ದರಲ್ಲ, ಎಂದು ನಮ್ಮ ವಕೀಲರು ಎದ್ದರು. "ಪತ್ರ ಓದುವುದು ನನ್ನ ಕೆಲಸ. ಅದಕ್ಕೆ ಸಾಲು ಸೇರಿಸುವುದಲ್ಲ" ಎಂದರು ನ್ಯಾಯಾಧೀಶರು.

ಬಸ್‌ಸ್ಟ್ಯಾಂಡಿನವರೆಗೆ ನಾನು ಅವಳಿಗಿಂತ ಹತ್ತು ಹೆಜ್ಜೆ ಮುಂದೆಯೇ ನಡೆದೆ. ಕಬ್ಬಿನ ಹಾಲಿನ ಅಂಗಡಿಯಲ್ಲಿ ಅತ್ತೆ ಎರಡು ಗ್ಲಾಸು ಹೇಳಿದಳು.

"ಗಾಡಿ ನಂದಾತು. ಹೊಡ್ಯಾಕ ಬರೂದಿಲ್ಲ. ಕಲಿಸ್ತಿ?"

"ಡ್ರೈವರ್‌ನ ಇಟ್ಕೋ."

"ಮಂದಿ ಕೈಯಾಗ ಕೊಡಾಕ ಮನಸ್ಸಿಲ್ಲ. ನಿಮ್ಮ ಮಾವ ಕೂತ ಸೀಟು ಅದು."

ಇಷ್ಟು ದಿನ ಅವಳು ಯಾಕೆ ಹಟ ಹಿಡಿದಿದ್ದಳೆಂದು ಆಗ ತಿಳಿಯಿತು. ಗ್ಲಾಸು ಕೆಳಗಿಟ್ಟು, "ಐತವಾರ ಬರ್ತೀನಿ" ಅಂದೆ.

ಮೊದಲ ಭಾನುವಾರವೇ ಪಕ್ಕದವರ ಬೇಲಿ ಹೋಯಿತು. ಅವರು ಬೈಯಲು ಬಂದವರು, ಸ್ಟೇರಿಂಗ್ ಹಿಂದೆ ಅತ್ತೆಯನ್ನು ಕಂಡು ನಕ್ಕು ವಾಪಸು ಹೋದರು. ಈ ಮುಂಗಾರಿಗೆ ಬಾವಿ ಕಡೆಯ ಹೊಲವನ್ನು ಪೂರ್ತಿ ಅವಳೇ ಹರಗಿದಳು. ನಾನು ಬದುವಿನ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದೆ. ಸಾಲು ಅಲ್ಲಲ್ಲಿ ಸೊಟ್ಟ ಇದ್ದವು, ನಾನು ಹೇಳಲಿಲ್ಲ.