ಫೋಟೋದಲ್ಲಿದ್ದ ಮೂರನೆಯ ಕೂಸು

ನನಗೆ ಮಕ್ಕಳು ಇಬ್ಬರೇ. ಆದರೆ ನನ್ನ ಗಂಡನ ಊರಿನ ಹಳಬರು ಯಾರಾದರೂ ಸಿಕ್ಕರೆ ಈಗಲೂ, "ಮೂರನೇದು ಏನ್ ಮಾಡ್ತೈತ್ರೀ?" ಎಂದು ಕೇಳುತ್ತಾರೆ. "ಚೊಲೋ ಐತ್ರೀ" ಎನ್ನುತ್ತೇನೆ. ಅದು ಸುಳ್ಳೂ ಅಲ್ಲ.

ಎಪ್ಪತ್ತರ ದಶಕ ಶುರುವಾಗಿ ಒಂದೆರಡು ವರ್ಷ ಕಳೆದಿದ್ದ ಕಾಲ. ನಾವು ಜೋಗೇಶ್ವರಿಯ ಒಂದು ಚಾಳಿನಲ್ಲಿದ್ದೆವು. ಒಂದೇ ಖೋಲಿ, ಅದರ ಮೂಲೆಯಲ್ಲೇ ಒಲೆ, ಇನ್ನೊಂದು ಮೂಲೆಯಲ್ಲಿ ಬಚ್ಚಲು. ನಮ್ಮವರು ಹತ್ತಿರದ ಸಣ್ಣ ಕಾರ್ಖಾನೆಯೊಂದರಲ್ಲಿ ಲೇಥ್ ಮಶೀನಿನ ಮೇಲೆ ಕೆಲಸಕ್ಕಿದ್ದರು. ಮಗಳಿಗೆ ಐದು ವರ್ಷ, ಮಗನಿಗೆ ಮೂರು. ಪಕ್ಕದ ಖೋಲಿಯಲ್ಲಿ ವಿಜಾಪುರದ ಕಡೆಯಿಂದ ಬಂದ ಮುಸಲ್ಮಾನ ದಂಪತಿ. ಅವನು ದರ್ಜಿ, ಮನೆಯಲ್ಲೇ ಹೊಲಿಗೆ. ಅವಳನ್ನು ನಾನು ಭಾಬಿ ಎನ್ನುತ್ತಿದ್ದೆ, ಅವಳು ನನ್ನನ್ನು ಅಕ್ಕಾ ಎನ್ನುತ್ತಿದ್ದಳು. ಗಂಡ ಹೆಂಡತಿ ತಮ್ಮೊಳಗೆ ದಖನಿ ಮಾತಾಡಿಕೊಂಡರೂ ನಮ್ಮ ಜೊತೆ ಕನ್ನಡವೇ. ಅವರಿಗೆ ಆರು ತಿಂಗಳ ಒಂದು ಗಂಡು ಕೂಸು. ಎರಡು ಖೋಲಿಗಳ ನಡುವೆ ಇದ್ದದ್ದು ಬರೀ ಹಲಗೆಯ ಗೋಡೆ. ಆ ಕೂಸು ಗೋಡೆಯ ಯಾವ ಕಡೆ ಇದೆಯೆಂದು ಯಾರೂ ಲೆಕ್ಕ ಇಡುತ್ತಿರಲಿಲ್ಲ.

ಊರಿನಲ್ಲಿದ್ದ ನಮ್ಮ ಅತ್ತೆ ಮೊಮ್ಮಕ್ಕಳನ್ನು ನೋಡಿ ಎರಡು ವರ್ಷವಾಗಿತ್ತು. ಒಂದು ಫೋಟೋ ಆದರೂ ಕಳಿಸಿರೆಂದು ಪತ್ರದ ಮೇಲೆ ಪತ್ರ ಬರೆಸುತ್ತಿದ್ದರು. ಸಾಂತಾಕ್ರೂಜಿನಲ್ಲಿ ಒಂದು ಸ್ಟುಡಿಯೋ ಇದೆ, ಅಲ್ಲಿ ಹಿಂದೆ ಪರದೆಯ ಮೇಲೆ ವಿಮಾನ ಬರೆದಿದ್ದಾರೆ, ಮುಂದೆ ನಿಜವಾದ ಕಟ್ಟಿಗೆಯ ಮೆಟ್ಟಿಲು ಇಟ್ಟಿದ್ದಾರೆ ಎಂದು ಜೊತೆಯ ಕೆಲಸಗಾರನೊಬ್ಬ ನಮ್ಮವರ ತಲೆಗೆ ತುಂಬಿದ. ನಮ್ಮವರು ಅರ್ಧ ದಿನ ರಜೆ ಹಾಕಿ ಬಂದರು.

ನಾವು ಹೊರಡುವ ಹೊತ್ತಿಗೆ ಭಾಬಿಯ ಕೂಸು ನನ್ನ ಸೊಂಟದ ಮೇಲಿತ್ತು. ಅವಳು ರಾಕೆಲ್ ಡಬ್ಬಿ ಹಿಡಿದು ರೇಷನ್ ಅಂಗಡಿಗೆ ಹೊರಟಿದ್ದಳು. ಸೀಮೆಎಣ್ಣೆಯ ಸಾಲು ಎಷ್ಟು ಹೊತ್ತಿಗೆ ಕರಗುತ್ತದೋ ಹೇಳಲಾಗದು. "ಇದನ್ನೂ ಕರಕೊಂಡ ಹೋಗ್ರಿ ಅಕ್ಕಾ. ಅದಕ್ಕೂ ಒಂದಿಷ್ಟು ಗಾಳಿ ಆದೀತು" ಎಂದಳು. ಸರಿ, ನಾವು ಐದೂ ಜನ ಲೋಕಲ್ ಹತ್ತಿದೆವು.

ಸ್ಟುಡಿಯೋದವನು ನಮ್ಮವರಿಗೆ ತನ್ನದೇ ಒಂದು ಕೋಟು ತೊಡಿಸಿದ. ತೋಳು ಮೊಣಕೈಯಿಂದ ನಾಲ್ಕು ಬೆರಳು ಕೆಳಗೆ ಬಂದು ನಿಂತುಬಿಟ್ಟಿತು. ಕೈ ಹಿಂದೆ ಕಟ್ಟಿಕೊಳ್ಳಲು ಹೇಳಿದ. ನಾನು ಕೂಸನ್ನು ಬೆಂಚಿನ ಮೇಲೆ ಮಲಗಿಸಿ ಕುರ್ಚಿಯ ಮೇಲೆ ಕುಳಿತೆ. ಕೂಸು ಕಿರುಚಿತು. ಅದು ಕಿರುಚಿದ್ದಕ್ಕೆ ನನ್ನ ಮಗ ಅತ್ತ. ಅವನು ಅತ್ತದ್ದಕ್ಕೆ ಮಗಳು ಅವನಿಗೆ ಹೊಡೆದಳು. ಅಷ್ಟರಲ್ಲಿ ಸ್ಟುಡಿಯೋದವನು ಒಂದು ಫೋಟೋ ತೆಗೆದೂ ಆಗಿತ್ತು. "ಅರೆ ಬಾಯಿ, ಬಚ್ಚೇ ಕೋ ಗೋದ್ ಮೇ ಲೋ!" ಎಂದು ಬೆಂಚಿನಿಂದ ಕೂಸನ್ನು ಎತ್ತಿ ನನ್ನ ತೊಡೆಯ ಮೇಲೆ ಕೂರಿಸಿದ. ಕೂಸು ಕ್ಯಾಮೆರಾ ನೋಡಿ ನಕ್ಕಿತು. ಉಳಿದ ನಾವೂ ಮನುಷ್ಯರಂತೆ ಕಂಡೆವು. ಕೊನೆಗೆ ಅವನು ತೊಳೆದು ಕೊಟ್ಟದ್ದು ಆ ಎರಡನೆಯ ಫೋಟೋದ ಪ್ರತಿಗಳನ್ನೇ. ಮೊದಲನೆಯದರಲ್ಲಿ ನನ್ನ ಮಗನ ಗಂಟಲು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲವಂತೆ.

ನಮ್ಮವರು ಅದನ್ನೇ ಲಕೋಟೆಗೆ ಹಾಕಿ ಕಳಿಸಿದರು. ಒಂದು ಸಾಲು ಬರೆದು ಹಾಕಬಾರದಿತ್ತೆ ಎಂದು ನಾನು ಆಮೇಲೆ ಕೇಳಿದ್ದಕ್ಕೆ, "ಫೋಟೋ ಕೇಳಿದ್ಲು, ಫೋಟೋ ಕಳಿಸ್ದೆ" ಎಂದರು.

ಹದಿನೈದು ದಿನಕ್ಕೆ ಊರಿನಿಂದ ಪತ್ರ ಬಂತು. ಅತ್ತೆಗೆ ಓದು ಬರಹವಿಲ್ಲ, ಸಾಲಿ ಮಾಸ್ತರರು ಬರೆದುಕೊಡುತ್ತಿದ್ದರು. "ಚಿರಂಜೀವಿ ಮಗನಿಗೆ ತಾಯಿಯ ಆಶೀರ್ವಾದಗಳು. ಇತ್ತ ಕ್ಷೇಮ, ಅತ್ತಲಿನ ಕ್ಷೇಮಕ್ಕೆ ಬರೆಯುವುದು. ತರುವಾಯ, ಮೂರನೆಯ ಕೂಸು ಆದದ್ದನ್ನು ಹಡೆದ ತಾಯಿಗೆ ತಿಳಿಸಬೇಕೆಂದು ನಿನಗೆ ಅನ್ನಿಸಲಿಲ್ಲ. ಹಸಿ ಬಾಣಂತಿಯನ್ನು ವಿಮಾನದಲ್ಲಿ ತಿರುಗಾಡಿಸಿದ್ದೀ. ಅವಳ ಕಿವಿಗೆ ಒಂದು ಅರಿವೆಯನ್ನೂ ಕಟ್ಟಿಲ್ಲ. ಕೂಸಿನ ಮೂಗು ನಿನ್ನ ತಂದೆಯವರದೇ ಇದೆ."

ನಾನು ಬಿದ್ದು ಬಿದ್ದು ನಕ್ಕೆ. ಭಾಬಿಗೂ ಓದಿ ಹೇಳಿದೆ. ನಮ್ಮವರು ಮಾತ್ರ ಗಂಭೀರವಾಗಿ, "ನಾ ಇವತ್ತಽ ಒಂದು ಕಾರ್ಡ್ ಹಾಕತೀನಿ ತಗೋ" ಎಂದು ಕೆಲಸಕ್ಕೆ ಹೋದರು. ಏನು ಬರೆದರೆಂದು ನಾನು ಕೇಳಲಿಲ್ಲ. ಹತ್ತು ದಿನ ಏನೂ ಸುದ್ದಿಯಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ನಾನು ಕೊಡ ತುಂಬಿಸಿಕೊಂಡು ನಳದಿಂದ ಬರುತ್ತಿದ್ದೆ. ಚಾಳಿನ ಬಾಯಲ್ಲಿ ಅತ್ತೆ ನಿಂತಿದ್ದರು. ತಲೆಯ ಮೇಲೆ ಗಂಟು, ಬಗಲಲ್ಲಿ ಡಬ್ಬಿ. ನಮ್ಮೂರಿನಿಂದ ಗೋಡೆ ಕಟ್ಟುವ ಗೌಂಡಿ ಕೆಲಸಕ್ಕೆ ಬಂದಿದ್ದವನೊಬ್ಬ ರಜೆ ಮುಗಿಸಿ ವಾಪಸಾಗುವಾಗ ಅವರನ್ನು ಜೊತೆಗೆ ಕರೆತಂದು, ಬಾಗಿಲವರೆಗೂ ಬಿಟ್ಟು ಕೆಲಸಕ್ಕೆ ಓಡಿದ್ದ. ಸೊಲ್ಲಾಪುರ ದಾಟಿಯೇ ಗೊತ್ತಿಲ್ಲದ ಹೆಂಗಸು! ಯಾರೋ ಸತ್ತಿದ್ದಾರೆ ಎಂದುಕೊಂಡು ನಾನು ಕೊಡ ಹೊತ್ತುಕೊಂಡೇ ಓಡಿದೆ.

ಅವರು ನನ್ನನ್ನು ಕೊಡದ ಸಮೇತ ತಬ್ಬಿಕೊಂಡರು. "ಅಂಜಬ್ಯಾಡ ನನ ಮಗಳ. ಅಂವ ಏನರ ಬರೀಲಿ. ನಾ ಇರೂತನಕ ನಿನ್ನ ಯಾರೂ ಹೊರಗ ಹಾಕೂದಿಲ್ಲ."

"ಯಾಕ್ರೀ ಅತ್ತಿ? ಚಾಳ ಕೆಡವತಾರಂತೇನ್ರಿ?"

"ಅದೆಲ್ಲ ಇರ್ಲಿ. ಕೂಸೆಲ್ಲೈತಿ?"

"ಯಾವ ಕೂಸ್ರೀ?"

"ಫೋಟೋದಾಗಿಂದು."

"ಅದಾ? ಬಾಜೂಕ ಐತ್ರಿ. ತಡೀರಿ, ತರ್ತೀನಿ."

ಪಕ್ಕದ ಬಾಗಿಲಿಗೆ ಹೋಗಿ ಕೂಗಿದೆ. ಭಾಬಿ ಇನ್ನೂ ನಳದ ಸಾಲಿನಲ್ಲಿದ್ದಳು. ದರ್ಜಿ ಅರ್ಧ ಗಡ್ಡ ಹೆರೆದುಕೊಂಡಿದ್ದ. ಇನ್ನರ್ಧಕ್ಕೆ ಸಾಬೂನಿನ ನೊರೆ ಇಟ್ಟುಕೊಂಡೇ ಕೂಸನ್ನು ಎತ್ತಿ ಕೊಟ್ಟ. "ತಗೋರಿ ಅಕ್ಕಾ, ಮುಂಜಾನಿಂದ ನಿಮ್ಮ ಕಡೀನಽ ಬರ್ತೀನಂತೈತಿ" ಎಂದ.

ಅತ್ತೆ ಅವನನ್ನು ಮೇಲಿಂದ ಕೆಳಗೆ ನೋಡಿದರು. ಅವನು ಒಳಗೆ ಹೋದ ಮೇಲೆ ಸಣ್ಣ ದನಿಯಲ್ಲಿ ಕೇಳಿದರು.

"ಇಂವನಽ ಏನು?"

"ಹೌದ್ರೀ ಅತ್ತಿ, ಇವರದಽ ಕೂಸು."

"ನಿನ್ನ ಗಂಡಗ ಗೊತ್ತೈತಿ?"

"ಗೊತ್ತಿಲ್ದ ಏನ್ರಿ? ಅವರಿಗೂ ಭಾಳ ಜೀವ ಇದರ ಮ್ಯಾಲ."

"ಇಂವನ ಹೇಣ್ತಿಗೆ?"

"ಆಕೀನಽ ಅಲ್ರೀ, ಕರಕೊಂಡ ಹೋಗ್ರಿ ಅಂತ ಫೋಟೋಕ್ಕ ಕಳಿಸಿದಾಕಿ!"

ಅತ್ತೆ ಹೊಸ್ತಿಲ ಮೇಲೆ ಕುಳಿತುಬಿಟ್ಟರು. ಸ್ವಲ್ಪ ನೀರು ಕೇಳಿದರು. ಕುಡಿದು, ಲೋಟ ಕೆಳಗಿಟ್ಟು, "ಮುಂಬೈಯಾಗ ಎಲ್ಲಾರೂ ಹಿಂಗಽ ಏನವಾ?" ಎಂದರು. ನಾನು ಅವರು ಚಾಳಿನ ಹೊಂದಾಣಿಕೆಯ ಬಗ್ಗೆ ಕೇಳುತ್ತಿದ್ದಾರೆ ಎಂದುಕೊಂಡೆ. "ಎಲ್ಲಾರೂ ಅಲ್ರೀ. ನಮ್ಮ ನಸೀಬ ಚೊಲೋ, ಇಂಥ ಮಂದಿ ಸಿಕ್ಕಾರ" ಎಂದೆ.

ಆಗ ಭಾಬಿ ಎರಡು ಕೊಡ ಹೊತ್ತು ಬಂದಳು. ಅವಳನ್ನು ಕಂಡದ್ದೇ ತಡ ಕೂಸು ನನ್ನ ಕೈಯಿಂದ ಹಾರಿತು. ಅವಳು ಕೊಡ ಇಳಿಸಿ ಅಲ್ಲೇ ಗೋಡೆಗೆ ಒರಗಿ ಕುಳಿತು, ಸೆರಗು ಮರೆ ಮಾಡಿ ಹಾಲು ಕುಡಿಸತೊಡಗಿದಳು. ಅತ್ತೆ ಅವಳನ್ನು ನೋಡಿದರು, ನನ್ನನ್ನು ನೋಡಿದರು.

"ಹಡದಾಕಿ ಯಾರು?"

"ಈಕೀರಿ."

"ನೀ ಹಡದಿಲ್ಲ?"

"ನಾ ಎಲ್ಲಿ ಹಡದೇನ್ರೀ ಅತ್ತಿ!"

ಅವರು ಸೊಂಟದ ಸಂಚಿಯಿಂದ ಎಲೆ ಅಡಿಕೆ ಸರಿಸಿ ಒಂದು ಕಾರ್ಡ್ ತೆಗೆದು ನನ್ನ ಕೈಗೆ ಕೊಟ್ಟರು. ನಮ್ಮವರ ಅಕ್ಷರ. ಎರಡೇ ಸಾಲು. "ಫೋಟೋದಲ್ಲಿರುವ ಸಣ್ಣ ಕೂಸು ನಂದಲ್ಲ. ಬಾಜೂ ಖೋಲಿಯವಂದು."

ಬಯಲು ಕಾರ್ಡ್! ಟಪಾಲಿನವನು ಓದಿದ್ದಾನೆ, ಮಾಸ್ತರರು ಓದಿದ್ದಾರೆ, ಕಟ್ಟೆಯ ಮೇಲೆ ಕುಳಿತವರೆಲ್ಲ ಕೇಳಿದ್ದಾರೆ. ಏನು ಬರೆದಿದೆ ಎಂದು ಭಾಬಿ ಕೇಳಿದಳು. ಓದಿದೆ. ಅವಳು ನಕ್ಕ ರಭಸಕ್ಕೆ ಕೂಸಿನ ಬಾಯಿಂದ ಹಾಲು ತಪ್ಪಿ ಅದು ಅಳತೊಡಗಿತು. ಹಲಗೆಯ ಗೋಡೆಯ ಆಚೆ ಆಗತಾನೇ ಶುರುವಾಗಿದ್ದ ಹೊಲಿಗೆ ಮಶೀನು ಟಕ್ಕೆಂದು ನಿಂತಿತು. ಅವತ್ತು ಮಧ್ಯಾಹ್ನದವರೆಗೂ ದರ್ಜಿ ಹೊರಗೆ ಬರಲಿಲ್ಲ.

ಸಂಜೆ ನಮ್ಮವರು ಬಂದಾಗ ಅತ್ತೆ ಕಾರ್ಡನ್ನು ಅವರ ಮೂಗಿನ ಮುಂದೆ ಹಿಡಿದರು.

"ನಂದಲ್ಲ ಅಂತ ಬರದೀಯಲ್ಲೋ ಮೂಳಾ!"

"ನಮ್ದಲ್ಲ ಅಂತ ಬರೀಬೇಕಿತ್ತು. ಜಾಗಾ ಇರ್ಲಿಲ್ಲವಾ."

ಕಾರ್ಡಿನ ಮುಕ್ಕಾಲು ಪಾಲು ಖಾಲಿಯಿತ್ತು.

"ಐದು ಮಂದಿ ಹೆಣ್ಮಕ್ಕಳನ್ನ ಕರದು ತೊಟ್ಟಲಾ ಹಾಕೇನಿ. ಜೋಗುಳ ಹಾಡಿಸಿ ಹೆಸರ ಇಡಿಸೇನಿ. ಓಣಿಗೆಲ್ಲಾ ಸಕ್ಕರಿ ಹಂಚೇನಿ."

"ಕೂಸು ಇಲ್ಲೈತಿ. ತೊಟ್ಟಲದಾಗ ಏನ್ ಹಾಕಿದ್ರಿ?"

"ಫೋಟೋ."

"ಆ ಫೋಟೋದಾಗ ನಾನೂ ಅದೀನೆಲ್ಲಬೇ."

"ಹೌದು, ನಿನ್ನೂ ತೂಗೀವಿ" ಎಂದರು ಅತ್ತೆ. "ಕೋಟು ಹಾಕ್ಕೊಂಡು ಸುಮ್ಮನ ಮಲಗಿದ್ದಿ."

ಅಲ್ಲಿಗೆ ಎಲ್ಲರಿಗೂ ನಗು ತಡೆಯಲಾಗಲಿಲ್ಲ. ಅತ್ತೆಯೇ ಮೊದಲು ನಕ್ಕದ್ದು. ಕಣ್ಣೊರೆಸಿಕೊಂಡದ್ದೂ ಅವರೇ. ಮೂರು ರಾತ್ರಿ ನಿದ್ದೆಯಿಲ್ಲದೆ ಕಳೆದಿದ್ದರಂತೆ. ಸೊಸೆಯ ತಪ್ಪಿದ್ದರೂ ಸರಿ, ಅವಳನ್ನೂ ಕೂಸನ್ನೂ ಊರಿಗೆ ಕರೆದುಕೊಂಡು ಹೋಗಿ ಸಾಕುತ್ತೇನೆ ಎಂದು ತೀರ್ಮಾನಿಸಿಕೊಂಡೇ ಅವರು ರೈಲು ಹತ್ತಿದ್ದರು. ಅದನ್ನು ಅವರು ಅಕ್ಕಿ ಆರಿಸುತ್ತ, ಮುಖ ಎತ್ತದೆ, ನಾಲ್ಕು ದಿನ ಬಿಟ್ಟು ನನಗೆ ಹೇಳಿದರು. ನಾನೂ ಪಕ್ಕ ಕುಳಿತು ಅಕ್ಕಿ ಆರಿಸಿದೆ. ಅಷ್ಟು ವರ್ಷ ಅವರ ಬಗ್ಗೆ ನಾನು ಬೇರೆಯೇ ಎಣಿಸಿದ್ದೆ.

ಡಬ್ಬಿಯಲ್ಲಿ ಅಂಟಿನುಂಡೆ ಇತ್ತು. ಬಾಣಂತಿಯ ನಡ ಗಟ್ಟಿಯಾಗಲೆಂದು ಕೊಬ್ಬರಿ, ಉತ್ತತ್ತಿ ಹಾಕಿ ನನಗಾಗಿ ಕಟ್ಟಿ ತಂದದ್ದು. ಅತ್ತೆ ಅದನ್ನು ಹಾಗೇ ಎತ್ತಿ ಭಾಬಿಯ ಮುಂದಿಟ್ಟರು. "ಖರೇ ಹಡದಾಕಿ ನೀನು, ನೀನಽ ತಿನ್ನು. ದಿನಕ್ಕ ಎರಡು." ಗಂಟಿನಲ್ಲಿ ಕೂಸಿನ ತಲೆಗೆಂದು ಒಂದು ಕುಲಾಯಿಯೂ ಇತ್ತು, ಕೆಂಪು ಬಟ್ಟೆಗೆ ಕನ್ನಡಿ ತುಂಡು ಹಚ್ಚಿದ್ದು. ಅದೂ ಊರಿನಲ್ಲಿ ಹೆಸರಿಡಿಸಿಕೊಂಡ ಆ ಕೂಸಿಗೇ ಹೋಯಿತು.

ಹೆಸರು ಅಂದೆನಲ್ಲ, ಅದೊಂದು ಪೇಚು. ಅತ್ತೆ ಬಂದ ಮರುದಿನ ನಮ್ಮವರು ಕೆಲಸಕ್ಕೆ ಹೋದ ಮೇಲೆ, "ಏನ್ ಹೆಸರ ಇಟ್ರಿ ಅಜ್ಜಿ?" ಎಂದು ಭಾಬಿ ಕೇಳಿದಳು. ಇಟ್ಟದ್ದು ನಮ್ಮ ಮಾವನವರ ಹೆಸರು. ಗಂಡನ ಹೆಸರನ್ನು ಅತ್ತೆ ಬಾಯಿಬಿಟ್ಟು ಹೇಳುವವರಲ್ಲ. ಮಾವನ ಹೆಸರನ್ನು ನಾನು ಹೇಳುವಂತಿಲ್ಲ. "ಅವರದು" ಎಂದರು ಅತ್ತೆ. "ಅವರಂದ್ರ ಯಾರು?" ಎಂದಳು ಭಾಬಿ. "ಹೋದೋರು" ಎಂದರು. ಆ ಕೂಸು ಕನ್ನಡಿಯ ಕುಲಾಯಿ ಹಾಕಿಕೊಂಡು ನಡುವೆ ಮಲಗಿತ್ತು. ಅದನ್ನು ಆ ಹೊಸ ಹೆಸರಿನಿಂದ ಕರೆಯಬಲ್ಲವರು ಖೋಲಿಯಲ್ಲಿ ಒಬ್ಬರೂ ಇರಲಿಲ್ಲ. ಸಂಜೆ ನಮ್ಮವರು ಕಾರ್ಖಾನೆಯಿಂದ ಬಂದ ಮೇಲೆಯೇ ಭಾಬಿಗೆ ತನ್ನ ಮಗನ ಎರಡನೆಯ ಹೆಸರು ಗೊತ್ತಾದದ್ದು.

ಅತ್ತೆ ಹದಿನೈದು ದಿನ ಇದ್ದರು. ಹೊರಡುವ ಮುನ್ನ ನಮ್ಮನ್ನು ಕೂರಿಸಿಕೊಂಡು ಹೇಳಿದರು. "ಊರಾಗ ಮೂರು ಅಂತ ಹೇಳಿಬಿಟ್ಟೇನಿ. ಈಗ ಎರಡು ಅಂದ್ರ ಒಂದು ಹೋತು ಅಂತ ಅಳಾಕ ಬರ್ತಾರ. ಬ್ಯಾಡ. ಮೂರಽ ಇರ್ಲಿ." ಕಾರ್ಡಿಗೆ ಏನು ಹೇಳುವುದು ಎಂದು ನಮ್ಮವರು ಕೇಳಿದರು. "ಜ್ವರದಾಗ ಬರದಾನ ಅಂತೀನಿ." ಭಾಬಿಯನ್ನು ಕರೆದು ಕೇಳಿದರು, ನಿನ್ನ ಮಗನನ್ನು ಊರಿನ ಲೆಕ್ಕಕ್ಕೆ ಇಟ್ಟುಕೊಳ್ಳಲೇ ಎಂದು. ಅವಳು, "ಇಟಗೋರಿ, ತಿನ್ನಾಕ ಇಲ್ಲೇ ತಿಂತಾನು" ಎಂದಳು. ಆಮೇಲೆ ದೀಪಾವಳಿಗೆ ಊರಿನಿಂದ ಮೂರು ಜೊತೆ ಬಟ್ಟೆ ಬರತೊಡಗಿದವು. ಮೂರನೆಯದರ ಅಳತೆ ಯಾವಾಗಲೂ ತಪ್ಪು. ದರ್ಜಿಯೇ ಬಿಚ್ಚಿ ಹೊಲಿದುಕೊಳ್ಳುತ್ತಿದ್ದ.

ಭಾಬಿಯ ಹುಡುಗನಿಗೆ ನಾಲ್ಕಾದಾಗ ಊರಿನ ಹಿರಿಯರೊಬ್ಬರು ಕಣ್ಣು ತೋರಿಸಲು ಮುಂಬೈಗೆ ಬಂದು ನಮ್ಮಲ್ಲಿ ಎರಡು ದಿನ ಇಳಿದರು. ಬಂದವರೇ, "ಎಲ್ಲೆದಾವು ಮೂರೂ?" ಎಂದರು. ಮಗಳು ಪಕ್ಕದಿಂದ ಅವನನ್ನು ಎಳೆತಂದಳು. ಹಿರಿಯರು ಅವನ ಗದ್ದ ಹಿಡಿದು ಮೂಗನ್ನು ಬೆಳಕಿಗೆ ತಿರುಗಿಸಿ ನೋಡಿದರು. ಮೊದಲೇ ಅವರ ಕಣ್ಣು ಮಂಜು. "ಹೌದು, ಅದಽ ಮೂಗು" ಎಂದರು. ಆಮೇಲೆ ಪ್ರೀತಿಯಿಂದ, "ನಿಮ್ಮಪ್ಪ ಯಾರೋ ತಮ್ಮಾ?" ಎಂದು ಕೇಳಿದರು.

ಹುಡುಗ ಎರಡೂ ಹೆಸರಿಗೆ ಓಗೊಡುತ್ತಿದ್ದ, ಆದರೆ ಅಪ್ಪನ ವಿಷಯದಲ್ಲಿ ಅವನಿಗೆ ಯಾವ ಗೊಂದಲವೂ ಇರಲಿಲ್ಲ. ಬಾಗಿಲಾಚೆ ಗುಂಡಿ ಹಚ್ಚುತ್ತ ಕುಳಿತಿದ್ದ ದರ್ಜಿಯ ಕಡೆ ಬೆರಳು ತೋರಿಸಿದ.

ದರ್ಜಿ ಸೂಜಿ ಚುಚ್ಚಿಕೊಂಡ. ಹಿರಿಯರು ನಿಧಾನವಾಗಿ ಎದ್ದು ಬಂದು ನಮ್ಮವರ ಹೆಗಲ ಮೇಲೆ ಕೈಯಿಟ್ಟರು. "ನಾ ಆ ಕಾರ್ಡ್ ಕೇಳಿದ್ದೆ. ಜ್ವರ ಅಂತ ನಿಮ್ಮವ್ವ ಅಂದ್ಲು, ನಾವು ಸುಮ್ಮನಿದ್ವಿ. ನೀ ಭಾಳ ದೊಡ್ಡ ಮನಸ್ಸಿನ ಮನಶ್ಯಾ ಅದೀಯೋ ತಮ್ಮಾ."

ಹಿರಿಯರು ಹೋದ ಮೇಲೆ ಒಂದು ವಾರ ನಮ್ಮವರ ನಡಿಗೆಯೇ ಬದಲಾಗಿತ್ತು. "ನೀವು ದೊಡ್ಡ ಮನಸ್ಸಿನವರಾದ್ರಿ, ನಾ ಏನಾದೆ?" ಎಂದು ಕೇಳಿದೆ. ಅದು ಅವರಿಗೆ ಹೊಳೆದೇ ಇರಲಿಲ್ಲ. ತಲೆ ಕೆರೆದುಕೊಂಡು, "ಇನ್ನೊಂದು ಕಾರ್ಡ್ ಬರದು ಬಿಡ್ಲೇನು?" ಎಂದರು. ನಾನು ಎದ್ದು ಮನೆಯಲ್ಲಿದ್ದ ಪೆನ್ನು ತೆಗೆದು ಹಿಟ್ಟಿನ ಡಬ್ಬಿಯೊಳಗೆ ಹಾಕಿದೆ.

ಮುಂದಿನ ವರ್ಷ ದರ್ಜಿಗೆ ಮಲಾಡಿನಲ್ಲಿ ಸ್ವಲ್ಪ ದೊಡ್ಡ ಖೋಲಿ ಸಿಕ್ಕಿತು. ಹೊಲಿಗೆ ಮಶೀನು, ಟ್ರಂಕು, ಹಾಸಿಗೆ ಎಲ್ಲ ಕೈಗಾಡಿಯ ಮೇಲೆ ಹೇರಿ ಹೊರಟರು. ನನ್ನ ಮಗ ಗಾಡಿಯ ಹಿಂದೆ ಅಳುತ್ತ ಮೂಲೆಯವರೆಗೂ ಹೋದ. ಭಾಬಿ ನನ್ನ ಕೈ ಹಿಡಿದುಕೊಂಡು ನನ್ನ ಸೆರಗಿನಿಂದಲೇ ಕಣ್ಣೊರೆಸಿಕೊಂಡಳು. ಎರಡು ಸ್ಟೇಷನ್ನಿನ ದೂರ, ಆದರೆ ಹಲಗೆಯ ಗೋಡೆಯಾಚೆ ಮಶೀನಿನ ಸದ್ದಿಲ್ಲದ ಮನೆಗೆ ಹೊಂದಿಕೊಳ್ಳಲು ನನಗೆ ಬಹಳ ದಿನ ಹಿಡಿಯಿತು.

ಈ ಸುದ್ದಿಯನ್ನು ಊರಿಗೆ ನಾನೇ ಬರೆದೆ. ಅತ್ತೆಯ ಉತ್ತರ ಮಾಸ್ತರರ ಅಕ್ಷರದಲ್ಲಿ ಬಂತು. "ಮೂರನೆಯವನನ್ನು ಹೆಚ್ಚಿನ ವಿದ್ಯಾಭ್ಯಾಸಕ್ಕಾಗಿ ಮಲಾಡಕ್ಕೆ ಕಳಿಸಿರುತ್ತಾರೆಂದು ಇಲ್ಲಿ ತಿಳಿಸಿರುತ್ತೇನೆ. ಎಲ್ಲರಿಗೂ ಸಂತೋಷವಾಗಿದೆ. ಮಲಾಡವು ಎಷ್ಟು ದಿನದ ದಾರಿಯೆಂದು ಜನ ಕೇಳುತ್ತಾರೆ, ಬರೆಯುವುದು."