ಬಿಣಗಾದ ತಾರಸಿಯ ಮೇಲಿನ ಗಾಳಿ

ಬಸಿರಾದ ಮೂರನೆಯ ತಿಂಗಳಿಗೇ ಡಾಕ್ಟರು ನನಗೆ ಹಾಸಿಗೆ ಬಿಟ್ಟು ಏಳಬಾರದು ಎಂದರು. ಆಗ ನನ್ನ ಪಿಎಚ್‌.ಡಿ. ಅರ್ಧಕ್ಕೆ ಬಂದಿತ್ತು. ಅಂಕೋಲೆಯ ಅತ್ತೆಮನೆಯಲ್ಲಿ ಮಲಗಿಕೊಂಡು, ಇನ್ನು ಇದು ಮುಗಿಯುವುದಿಲ್ಲ ಎಂದು ಗೋಡೆಯ ಕಡೆ ತಿರುಗಿ ಅತ್ತಿದ್ದೆ.

ಹವಾಮಾನದ ಕಂಪ್ಯೂಟರ್ ಮಾದರಿಗಳು ಸಮುದ್ರದ ಮೇಲಿನ ಗಾಳಿಯನ್ನು ಎಷ್ಟರ ಮಟ್ಟಿಗೆ ಸರಿಯಾಗಿ ತೋರಿಸುತ್ತವೆ ಎಂದು ನೋಡುವುದು ನನ್ನ ಕೆಲಸ. ಆ ಮಾದರಿಗಳು ಭೂಮಿಯನ್ನು ದೊಡ್ಡ ದೊಡ್ಡ ಚೌಕಗಳಾಗಿ ಕತ್ತರಿಸಿಕೊಳ್ಳುತ್ತವೆ. ಒಂದು ಚೌಕಕ್ಕೆ ಒಂದೇ ಗಾಳಿ. ಕಾರವಾರದ ಕಡಲು, ಅಂಕೋಲೆಯ ಪೇಟೆ, ಹಿಂದಿನ ಘಟ್ಟ ಎಲ್ಲ ಒಂದೇ ಚೌಕದೊಳಗೆ ಬಿದ್ದಿದ್ದವು. ದೂರದ ಸಮುದ್ರದಲ್ಲಿ ಹೋಲಿಸಿ ನೋಡಲು ಉಪಗ್ರಹದ ಅಳತೆಗಳಿದ್ದವು. ಅಲ್ಲಿ ಮಾದರಿಗಳು ಚೆನ್ನಾಗಿಯೇ ನಡೆದಿದ್ದವು. ಮಳೆಗಾಲದ ಗಾಳಿ ಸರಿಯಾದ ದಿಕ್ಕಿನಿಂದ, ಹೆಚ್ಚುಕಡಿಮೆ ಸರಿಯಾದ ಹೊತ್ತಿಗೆ ಬರುತ್ತಿತ್ತು. ಆದರೆ ದಡದ ಹತ್ತಿರ ನೆಲ ಅಡ್ಡ ಬರುವುದರಿಂದ ಉಪಗ್ರಹಕ್ಕೂ ಗಾಳಿ ಸರಿಯಾಗಿ ಕಾಣುವುದಿಲ್ಲ. ಅದಕ್ಕೆ ನನ್ನ ಮಾರ್ಗದರ್ಶಕರು ಕಾರವಾರದ ಹತ್ತಿರದ ಬಿಣಗಾದಲ್ಲಿ, ಸಮುದ್ರಕ್ಕೆ ಮುಖ ಮಾಡಿದ್ದ ನನ್ನ ತವರುಮನೆಯ ತಾರಸಿಯ ಮೇಲೆ, ನೀರಿನ ಟಾಕಿಯ ಪಕ್ಕ ಗಾಳಿ ಅಳೆಯುವ ಯಂತ್ರವೊಂದನ್ನು ನಿಲ್ಲಿಸಿ ಕೊಟ್ಟಿದ್ದರು. ಆಗಾಗ ಅದರ ಮೆಮೊರಿ ಕಾರ್ಡ್ ತೆಗೆದು ಬೇರೆಯದು ಹಾಕಬೇಕು, ಗಾಳಿಗೆ ತಿರುಗುವ ಅದರ ಬಟ್ಟಲುಗಳಿಗೆ ಹಿಡಿದ ಉಪ್ಪನ್ನು ಒರೆಸಬೇಕು. ನಾನು ಹಾಸಿಗೆಯಲ್ಲಿ. ಕಾರ್ಖಾನೆಯ ಕೆಲಸದಿಂದ ನಿವೃತ್ತನಾದ ಅಪ್ಪನಿಗೆ ಮೊಣಕಾಲು ನೋವು; ತಾರಸಿಯ ಕಬ್ಬಿಣದ ಏಣಿ ಹತ್ತಲು ಆಗುತ್ತಿರಲಿಲ್ಲ. ಅಮ್ಮನಿಗೆ ಎತ್ತರವೆಂದರೆ ಹೆದರಿಕೆ. ಗಂಡ ಗೋವೆಯಲ್ಲಿ ನೌಕರಿಗಿದ್ದ.

ಅತ್ತೆ ಗಂಜಿ ತಂದಿಟ್ಟು ಕೇಳಿದರು, "ಆ ಏಣಿ ಹತ್ತೂಕೆ ಎಂತ ಕಲೀಬೇಕು?"

"ಎಂತಾ ಇಲ್ಲ ಅತ್ತೆ. ಆದ್ರೆ ನೀವು ಹೆಂಗೆ..."

"ಶೆಟಗೇರಿಯಲ್ಲಿ ಮದುವೆ ಆಗೂವರೆಗೂ ಮಾವಿನಮರ ಹತ್ತಿದೋಳು ನಾನು. ನೀ ಫೋನಿನಲ್ಲಿ ಹೇಳು, ನಾ ಮಾಡ್ತೆ."

ನಮ್ಮ ಎರಡು ಮನೆಗಳ ನಡುವೆ ಆವರೆಗೆ ಹೋಗಿಬರುವುದು ಕಡಿಮೆ. ತವರಿನಲ್ಲಿ ಕೊಂಕಣಿ, ಇಲ್ಲಿ ಕನ್ನಡ. ಮದುವೆಯಲ್ಲಿ ಕೈಮುಗಿದದ್ದು ಬಿಟ್ಟರೆ ಅಪ್ಪ ಮತ್ತು ಅತ್ತೆ ಹೆಚ್ಚು ಮಾತಾಡಿದವರಲ್ಲ. ಮರುದಿನ ಅತ್ತೆ ಬಸ್ಸು ಹಿಡಿದು ಬಿಣಗಾಕ್ಕೆ ಹೋದರು. ಅಮ್ಮ ವಿಡಿಯೊ ಕರೆ ಮಾಡಿ ಫೋನನ್ನು ಮೇಲಕ್ಕೆ ಹಿಡಿದಳು. ಅಪ್ಪ ಎರಡೂ ಕೈಯಲ್ಲಿ ಏಣಿ ಹಿಡಿದು, ಸಂಕೋಚಕ್ಕೆ ನೆಲ ನೋಡುತ್ತ ನಿಂತಿದ್ದ.

"ಬೀಗಿತ್ತಿಗೆ ಏಣಿ ಹತ್ತಸೂದು ಚಲೋ ಅಲ್ಲ. ನೋಡಿದೋರು ಎಂತ ಹೇಳೂದು?" ಎಂದ ಅಪ್ಪ.

"ನೋಡೋರು ನೋಡ್ಲಿ. ನೀವು ಏಣಿ ಬಿಡಬೇಡಿ, ಅಷ್ಟೇ ಸಾಕು," ಎಂದರು ಅತ್ತೆ, ಸೆರಗು ಸೊಂಟಕ್ಕೆ ಸಿಕ್ಕಿಸುತ್ತ. ಮೇಲೆ ಹೋಗಿ, ನಾನು ಹೇಳಿದಂತೆ ಯಂತ್ರದ ಡಬ್ಬಿಯ ಮುಚ್ಚಳ ತೆಗೆದು ಕಾರ್ಡ್ ಬದಲಿಸಿದರು. ಬಟ್ಟಲುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಗಾಳಿಯ ಸದ್ದಿನಲ್ಲಿ ನನ್ನ ಮಾತು ಅವರಿಗೆ ಅರ್ಧ ಕೇಳಿಸುತ್ತಿರಲಿಲ್ಲ. ಅಮ್ಮ ಕೆಳಗಿನಿಂದ ಕೂಗಿ ಹೇಳುತ್ತಿದ್ದಳು.

ಆಮೇಲೆ ಅದೇ ರೂಢಿಯಾಯಿತು. ಮಳೆ ಬಿಟ್ಟ ಹೊತ್ತು ನೋಡಿ ಅತ್ತೆ ಹೋಗಿ ಬರುತ್ತಿದ್ದರು. ಕಾರ್ಡನ್ನು ಕರವಸ್ತ್ರದಲ್ಲಿ ಸುತ್ತಿ ಕುಪ್ಪಸದೊಳಗಿಟ್ಟು ತರುತ್ತಿದ್ದರು. ನಾನು ಮಲಗಿದಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಲೆಕ್ಕ ಹಾಕುತ್ತಿದ್ದೆ. ತಿಂಗಳ ಸರಾಸರಿ ತೆಗೆದರೆ ಮಾದರಿಯ ಗಾಳಿ ನಮ್ಮ ತಾರಸಿಯ ಗಾಳಿಗೆ ಹತ್ತಿರವೇ ಇತ್ತು, ಸ್ವಲ್ಪ ಸಪ್ಪೆ. ಆದರೆ ಬೇಸಿಗೆಯ ಮಧ್ಯಾಹ್ನ ಕಡಲಿನಿಂದ ಏಳುವ ಗಾಳಿ, ಬೆಳಗಿನ ಜಾವ ಘಟ್ಟದ ಕಡೆಯಿಂದ ಬರುವ ತಂಪು, ಇವೆರಡೂ ಮಾದರಿಯಲ್ಲಿ ಇದ್ದೂ ಇಲ್ಲದ ಹಾಗಿದ್ದವು. ನೆಲ, ನೀರು ಎರಡನ್ನೂ ಒಂದೇ ಚೌಕದಲ್ಲಿ ಕಲಸಿದರೆ ಅದು ಹಾಗೇ ಆಗುವುದು.

ನನಗೆ ನಿರಾಸೆಯಾಯಿತು. ಮಾರ್ಗದರ್ಶಕರಿಗೆ ಫೋನ್ ಮಾಡಿ, "ಸರ್, ದಡದ ಹತ್ತಿರ ಸರಿ ಹೊಂದಲೇ ಇಲ್ಲ," ಎಂದೆ.

"ಹೊಂದಿದ್ದನ್ನು ಹೊಂದಿತು ಅಂತ ಬರಿ, ಹೊಂದದ್ದನ್ನು ಹೊಂದಲಿಲ್ಲ ಅಂತ ಬರಿ. ನಿನ್ನ ಕೆಲಸ ಅದೇ ಅಲ್ವೇನಮ್ಮ?" ಎಂದರು. ಗದರಿಸದೆ ಅಷ್ಟು ಹೇಳಿದ್ದಕ್ಕೆ ಇಂದಿಗೂ ಅವರಿಗೆ ಋಣಿ.

ಮಗಳು ಸುಖವಾಗಿ ಹುಟ್ಟಿದಳು. ಅವಳು ಹರಿದಾಡುವ ಹೊತ್ತಿಗೆ ಕಾರವಾರದಲ್ಲಿ ಮೌಖಿಕ ಪರೀಕ್ಷೆ. ಮಗುವನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ ಹಿಂದಿನ ಸಾಲಿನಲ್ಲಿ ಕೂತಿದ್ದರು, ಪಕ್ಕದಲ್ಲಿ ಅಪ್ಪ, ಅಮ್ಮ. ತಾರಸಿಯ ಅಳತೆಗಳ ಬಗ್ಗೆ ಪರೀಕ್ಷಕರು ಕೇಳಿದಾಗ, ಅವುಗಳನ್ನು ತಂದವರು ಇಲ್ಲೇ ಇದ್ದಾರೆ ಎಂದೆ. ಎಲ್ಲರೂ ತಿರುಗಿ ನೋಡಿದರು. ಅತ್ತೆ ಮಗುವಿನ ಟೊಪ್ಪಿಗೆ ಸರಿಪಡಿಸುವ ನೆಪದಲ್ಲಿ ತಲೆ ಬಗ್ಗಿಸಿಬಿಟ್ಟರು.

ಮರಳುವಾಗ ಬಸ್ಸಿನಲ್ಲಿ ಅತ್ತೆ ಕೇಳಿದರು, "ಅಂದ್ರೆ ಆ ಕಂಪ್ಯೂಟರು ಸುಳ್ಳು ಹೇಳ್ತದನೆ ತಂಗೀ?"

"ಸುಳ್ಳಲ್ಲ ಅತ್ತೆ. ದೂರದ್ದು ಸರಿ ಕಾಣ್ತದೆ ಅದಕ್ಕೆ, ಹತ್ತಿರದ್ದು ಕಾಣೂದಿಲ್ಲ."

"ಹಾಗಾರೆ ನಿನ್ನ ಗಂಡನ ಹಾಂಗೇ," ಎಂದು ಅವರು ಕಿಟಕಿಯ ಕಡೆ ತಿರುಗಿ ನಕ್ಕರು. ಮುಂದಿನ ಸೀಟಿನಲ್ಲಿದ್ದ ಅಪ್ಪನ ಹೆಗಲೂ ಅಲುಗುತ್ತಿತ್ತು.

ಈಗ ನಾನು ಕೆಲಸ ಮಾಡುವ ಹೊಸ ಮಾದರಿಯಲ್ಲಿ ಚೌಕಗಳು ಸಣ್ಣವು; ಮಧ್ಯಾಹ್ನದ ಕಡಲಗಾಳಿ ಅದರಲ್ಲಿ ಮೆಲ್ಲಗೆ ಏಳತೊಡಗಿದೆ. ಅತ್ತೆ ಈಗಲೂ ಬಿಣಗಾಕ್ಕೆ ಹೋಗುತ್ತಾರೆ, ಕಾರ್ಡಿಗಾಗಿ ಅಲ್ಲ. ಅಮ್ಮನ ಜೊತೆ ಮೀನು ಕೊಳ್ಳಲು ಹೋಗಿ, ಊಟ ಮುಗಿಸಿ, ಅರೆಬರೆ ಕೊಂಕಣಿಯಲ್ಲಿ ಅಪ್ಪನ ಹತ್ತಿರ ವಾದ ಮಾಡಿ, ಸಂಜೆಯ ಬಸ್ಸಿಗೆ ಬರುತ್ತಾರೆ.